ಗಿಟಾರಿನ ಪಟ್ಟಿ, ಅಶ್ವತ್ಥಪ್ಪನ ಡಬ್ಬ

ಮಾಲೂರು ಸ್ಟೇಷನ್ನಿನ ಎದುರಿಗೆ, ಜಟಕಾಗಳು ನಿಲ್ಲುವ ಹುಣಸೆಮರದಿಂದ ನಾಲ್ಕು ಹೆಜ್ಜೆ ಆಚೆ, ಜೀನುಗಾರ ಅಶ್ವತ್ಥಪ್ಪನ ಅಂಗಡಿ. ಅಂಗಡಿ ಅಂದರೆ ಮನೆಯ ಜಗಲಿಯೇ. ಕುದುರೆಗೆ ಬೇಕಾದ ಜೀನು, ಲಗಾಮು, ಎದೆಪಟ್ಟಿ, ಹೊಟ್ಟೆಪಟ್ಟಿ ಹೊಲಿಯುವುದು ಅವನ ಕಸುಬು. ಅಪ್ಪನದೂ ಅದೇ, ತಾತನದೂ ಅದೇ. ಅವನು ಹೊಲಿದದ್ದು ಬಿಚ್ಚಿತು ಅಂದವರು ಮಾಲೂರಿನಲ್ಲಿ ಯಾರೂ ಇರಲಿಲ್ಲ. ಹಾಗೆಯೇ, ಅವನಷ್ಟು ಪುಕ್ಕಲ ಇನ್ನೊಬ್ಬನಿದ್ದಾನೆ ಅಂದವರೂ ಇರಲಿಲ್ಲ.

ಏನು ಪುಕ್ಕಲುತನ ಅಂತೀರಿ! ಪೊಲೀಸಿನವನ ರುಮಾಲು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಅವನಿಗೆ ಬಾಯಿ ಒಣಗುತ್ತಿತ್ತು. ಒಂದು ಪಟ್ಟಿ ಹೊಲಿದರೆ ಎಳೆದು ನೋಡುವುದು, ಮತ್ತೆ ಎಳೆದು ನೋಡುವುದು, ಗಿರಾಕಿ ತೆಗೆದುಕೊಂಡು ಹೋದ ಮೇಲೂ ಓಡಿಹೋಗಿ ಇನ್ನೊಂದು ಸಲ ಎಳೆದು ನೋಡುವುದು. ಊರಿನ ಕುದುರೆಗಳಿಗೆಲ್ಲ ಜೀನು ಹೊಲಿದವನು ಜನ್ಮದಲ್ಲಿ ಒಂದು ದಿನವೂ ಕುದುರೆಯ ಬೆನ್ನು ಹತ್ತಿದವನಲ್ಲ.

"ಬಾ ಮಾವ, ಹತ್ತು, ಒಂದು ಸುತ್ತು ಹೊಡ್ಕೊಂಡು ಬರೋಣ," ಅಂತ ಜಟಕಾದವರು ಬೇಕೆಂದೇ ಕರೆಯುತ್ತಿದ್ದರು.

"ಬ್ಯಾಡಪ್ಪೋ, ಕೈಮುಗೀತೀನಿ," ಅಂತ ಅವನು ನಿಜವಾಗಿಯೂ ಕೈ ಮುಗಿಯುತ್ತಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಂಥವನ ಹೊಟ್ಟೆಯಲ್ಲಿ ಕದಿರೇಶ ಹುಟ್ಟಿದ್ದು ಹೇಗೋ ದೇವರಿಗೇ ಗೊತ್ತು. ಒಬ್ಬನೇ ಮಗ. ಹತ್ತೊಂಬತ್ತು ತುಂಬುವ ಹೊತ್ತಿಗೆ ಅಪ್ಪನ ಕೈಕೆಲಸವನ್ನೆಲ್ಲ ಕಲಿತಿದ್ದ; ಅಪ್ಪನ ಹೆದರಿಕೆಯನ್ನು ಮಾತ್ರ ಕಲಿಯಲಿಲ್ಲ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಮುಸಾಫಿರಖಾನೆಯ ಮುಂದೆ ಮಿಲಿಟರಿಗೆ ಆಳು ಸೇರಿಸಿಕೊಳ್ಳುತ್ತಿದ್ದಾಗ ಹೋಗಿ ಎದೆಯ ಅಳತೆ ಕೊಟ್ಟು ಬಂದ. ಸುದ್ದಿ ಕೇಳಿ ಅಶ್ವತ್ಥಪ್ಪನಿಗೆ ಕೈಕಾಲು ಆಡಲಿಲ್ಲ. ಅತ್ತ, ಬೇಡಿಕೊಂಡ, ಕೊನೆಗೆ ಏನೂ ತೋಚದೆ, "ಹೋದ್ರೆ ಹೋಗು! ಮತ್ತೆ ಈ ಹೊಸಲು ತುಳೀಬೇಡ," ಅಂತ ಕಿರುಚಿದ. ಅದು ಹೆದರಿಕೆ ಆಡಿಸಿದ ಮಾತು. ಹುಡುಗನಿಗೆ ಅದು ಕೋಪವಾಗಿ ಕೇಳಿಸಿತು. ತಾಯಿಯ ಕಾಲಿಗೆ ಮಾತ್ರ ಬಿದ್ದು ರೈಲು ಹತ್ತಿದ.

ಆಮೇಲೆ ತಿಂಗಳಿಗೊಂದು, ಎರಡು ತಿಂಗಳಿಗೊಂದು ಕಾಗದ ಬರುತ್ತಿತ್ತು. ಎಲ್ಲವೂ ಅಮ್ಮನ ಹೆಸರಿಗೆ. ನಲವತ್ತನಾಲ್ಕರ ಸಂಕ್ರಾಂತಿ ಕಳೆದ ಮೇಲೆ ಅದೂ ನಿಂತಿತು.

ಶಿವರಾತ್ರಿಯಾಗಿ ಒಂದು ವಾರಕ್ಕೆ ಒಂದು ಲಕೋಟೆ ಬಂತು. ದಿನಾ ಬರುವ ಟಪ್ಪಾಲಿನ ಚನ್ನರಾಯಪ್ಪ ಆ ವಾರ ಜ್ವರ ಬಂದು ಮಲಗಿದ್ದ. ಬದಲಿಗೆ ಬಂದವನೊಬ್ಬ ಹೆಸರು ಕೇಳಿ, ಜಗಲಿಯ ಮೇಲೆ ಇಟ್ಟು ಹೋದ. ಕಂದು ಬಣ್ಣದ ಉದ್ದನೆಯ ಲಕೋಟೆ, ಮೇಲೆಲ್ಲ ಇಂಗ್ಲಿಷು. ಅಶ್ವತ್ಥಪ್ಪ ಓದು ಬಾರದವನು. ಆದರೆ ನಮ್ಮ ಕಡೆ ಕಾಗದದ ಸುದ್ದಿ ತಿಳಿಯುವುದಕ್ಕೆ ಓದು ಬೇಕಾಗಿಲ್ಲ. ಶುಭದ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತಾರೆ. ಸಾವಿನ ಕಾಗದಕ್ಕೆ ಅರಿಶಿನ ಸೋಕಿಸುವುದಿಲ್ಲ, ಮೂಲೆಗೆ ಚೂರು ಮಸಿ ತಾಕಿಸುತ್ತಾರೆ. ಅವನು ಮೊದಲು ನೋಡಿದ್ದೇ ಮೂಲೆಗಳನ್ನು. ಮೂರು ಮೂಲೆ ಖಾಲಿ. ನಾಲ್ಕನೆಯದರಲ್ಲಿ ಹೆಬ್ಬೆಟ್ಟಿನಷ್ಟು ಮಸಿ.

ಒಳಗೆ ಮುನಿಗಂಗಮ್ಮ ರಾಗಿ ಬೀಸುತ್ತಿದ್ದಳು. ಬೀಸುಕಲ್ಲಿನ ಸದ್ದು ಕೇಳುತ್ತಿತ್ತು. ಅವಳಿಗೆ ಹೇಗೆ ಹೇಳುವುದು? ಅಶ್ವತ್ಥಪ್ಪ ಲಕೋಟೆಯನ್ನು ಎರಡಾಗಿ ಮಡಿಸಿ, ಗೋಡೆಯ ಹಲಗೆಯ ಮೇಲಿದ್ದ ತಗಡಿನ ಬಿಸ್ಕತ್ತಿನ ಡಬ್ಬವನ್ನು ಇಳಿಸಿ, ಅದರಲ್ಲಿದ್ದ ಹಿತ್ತಾಳೆ ಗುಂಡಿಗಳ ಅಡಿಯಲ್ಲಿ ತುರುಕಿದ. ಅಪ್ಪನ ಕಾಲದ ಗುಂಡಿಗಳು, ಒಳ್ಳೆಯ ಜೀನಿಗೆ ಮಾತ್ರ ಹಾಕುವಂಥವು. ಮುಚ್ಚಳ ಒತ್ತಿ ಡಬ್ಬವನ್ನು ಮೇಲಿಟ್ಟ. ನಾಳೆ ಹೇಳೋಣ ಅಂದುಕೊಂಡ.

ಆ ನಾಳೆ ನಾಲ್ಕು ತಿಂಗಳಾದರೂ ಬರಲಿಲ್ಲ. ಜಟಕಾದವರು ಗುಂಡಿ ಕೇಳಿದರೆ, "ಯುದ್ಧದ ಕಾಲ ಕಣಪ್ಪ, ಹಿತ್ತಾಳೆ ಎಲ್ಲಿ ಸಿಕ್ತದೆ," ಅಂತ ಬರೀ ತೊಗಲಿನ ಗಂಟು ಹಾಕಿ ಕಳಿಸುತ್ತಿದ್ದ. ಡಬ್ಬದ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಸುಟ್ಟುಬಿಡೋಣ ಅಂದರೆ ಮುಟ್ಟುವುದಕ್ಕೇ ಭಯ. ಮುನಿಗಂಗಮ್ಮ ದಿನಾ ಟಪ್ಪಾಲಿನ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ, ಚೀಲ ಇಳಿಸುವ ಚನ್ನರಾಯಪ್ಪನನ್ನು ಕೇಳಿ ಬರುತ್ತಿದ್ದಳು. ಬಂದವಳು, "ಇವತ್ತೂ ಇಲ್ವಂತೆ," ಅನ್ನುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಡಬ್ಬ ಇರುತ್ತಿತ್ತು. ಅಶ್ವತ್ಥಪ್ಪ ತಲೆ ತಗ್ಗಿಸಿ ದಾರಕ್ಕೆ ಮೇಣ ಉಜ್ಜುತ್ತಿದ್ದ. ತಿಂದದ್ದು ಮೈಗೆ ಹತ್ತದೆ, ಪಕ್ಕೆಲುಬು ಲೆಕ್ಕ ಹಾಕುವಂತೆ ಆಗಿದ್ದ.

ಆಷಾಢದ ಒಂದು ಮಧ್ಯಾಹ್ನ ಮಿಲಿಟರಿ ಆಫೀಸಿನ ರೈಟರು ಕೋದಂಡರಾಮಪ್ಪ ಜಗಲಿ ಹತ್ತಿ ಬಂದ. ಖಾಕಿ ಕೋಟು ಕಂಡಿದ್ದೇ ಅಶ್ವತ್ಥಪ್ಪನಿಗೆ ಜೀವ ಬಾಯಿಗೆ ಬಂತು. ಲಕೋಟೆಯ ವಿಚಾರಕ್ಕೇ ಬಂದಿದ್ದಾನೆ ಅಂದುಕೊಂಡ. ಕೋದಂಡರಾಮಪ್ಪ ಬಗಲಿನಲ್ಲಿದ್ದ ಬಟ್ಟೆಯ ಗಂಟನ್ನು ಮೆಲ್ಲಗೆ ಇಳಿಸಿ ಬಿಚ್ಚಿದ. ಸಣ್ಣ ಸೊಂಟ, ದುಂಡು ಹೊಟ್ಟೆ, ಉದ್ದ ಕುತ್ತಿಗೆ, ಆರು ತಂತಿಯ ಒಂದು ವಾದ್ಯ.

"ಇದಕ್ಕೆ ಗಿಟಾರು ಅಂತಾರೆ ಕಣಯ್ಯ. ಬಂಗಲೆಯಲ್ಲಿ ಇಳಿದಿದಾರಲ್ಲ, ಕ್ಯಾಪ್ಟನ್ ದೊರೆ, ಅವರದು. ಇದಕ್ಕೊಂದು ತೊಗಲಿನ ಪಟ್ಟಿ ಬೇಕು."

"ಗೋಡೆಗೆ ತೂಗುಹಾಕೋಕಾ, ಸ್ವಾಮಿ?"

"ಅಲ್ಲ. ಹೆಗಲಿಗೆ ಹಾಕ್ಕೊಂಡು, ನಿಂತ್ಕೊಂಡು ಬಾರಿಸ್ತಾರೆ."

ನಿಂತುಕೊಂಡು ವಾದ್ಯ ನುಡಿಸುವುದೆ! ಅಶ್ವತ್ಥಪ್ಪ ಕಂಡಿದ್ದ ಭಜನೆಯವರು, ತಂಬೂರಿಯವರು ಎಲ್ಲ ಚಕ್ಕಳಮಕ್ಕಳ ಹಾಕಿ ಕೂರುವವರು. ಆದರೂ ತಲೆಯಾಡಿಸಿದ.

"ಕೆಳಗಡೆ ಒಂದು ಗುಂಡಿ ಇದೆ ನೋಡು," ಅಂದ ಕೋದಂಡರಾಮಪ್ಪ. "ಪಟ್ಟಿಯ ಒಂದು ತುದಿ ಅದಕ್ಕೆ. ಇನ್ನೊಂದು ತುದಿ ಎಲ್ಲಿಗೆ ಸಿಗಿಸಬೇಕೋ ನೀನೇ ನೋಡ್ಕೋ. ಒಂದು ಮಾತು, ಹುಷಾರು. ಇದು ಅವರ ತಮ್ಮಂದು. ತಮ್ಮ ಯುದ್ಧದಲ್ಲಿ ಹೋಗ್ಬಿಟ್ಟ. ಇದಕ್ಕೊಂದು ಗೀರು ಬಿದ್ರೂ ದೊರೆ ನಿನ್ನನ್ನೂ ಉಳ್ಸಲ್ಲ, ನನ್ನನ್ನೂ ಉಳ್ಸಲ್ಲ."

ಹೇಳಿ ಹೋದ. ಅಶ್ವತ್ಥಪ್ಪ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತ. ಸತ್ತವನ ವಸ್ತು. ಮುಟ್ಟಿದರೆ ಬೆರಳು ತಣ್ಣಗಾಯಿತು.

ಹೆದರಿಕೆ ಏನೇ ಇರಲಿ, ಕೈ ಕಸುಬುದಾರನದು. ಬೆರಳಿನ ಗೆಣ್ಣಿನಿಂದ ಮೈಯನ್ನೆಲ್ಲ ತಟ್ಟಿ ನೋಡಿದ. ಪಕ್ಕೆಯ ಹಲಗೆ ಹಪ್ಪಳದಷ್ಟು ತೆಳ್ಳಗೆ, ತಟ್ಟಿದರೆ ಟೊಳ್ಳು ಸದ್ದು. ಅಲ್ಲಿ ತೂತು ಹಾಕಿದರೆ ಸೀಳಿಹೋಗುವುದು ಖಂಡಿತ. ಉಳಿದದ್ದು ಎರಡೇ ಜಾಗ. ಒಂದು, ತುತ್ತತುದಿಯ ತಲೆ. ತಂತಿಗಳ ಅಡಿಯಲ್ಲಿ ಒಂದು ತೊಗಲಿನ ದಾರ ತೂರಿಸಿ ಕಟ್ಟಿದರೆ ಮುಗಿಯಿತು, ತೂತೇ ಬೇಡ. ಇನ್ನೊಂದು, ಕುತ್ತಿಗೆ ಹೊಟ್ಟೆಗೆ ಬಂದು ಸೇರುವ ಕಡೆ ಹಿಂದಕ್ಕೆ ಇಳಿದಿರುವ ಮರದ ಗಡ್ಡೆ. ತಟ್ಟಿದರೆ ಟಕ್ ಅಂತ ಗಟ್ಟಿ ಸದ್ದು. ಅಲ್ಲಿಗೆ ತೂತು ಕೊರೆದು ಗುಂಡಿ ಕೂರಿಸಬೇಕು.

ಯಾವುದು ಸರಿ ಅನ್ನುವುದು ಅವನಿಗೆ ಆ ಕ್ಷಣಕ್ಕೇ ಗೊತ್ತಾಯಿತು. ಭಾರ ಯಾವತ್ತೂ ಭುಜಕ್ಕೆ. ತಲೆಗೆ ಏನಿದ್ದರೂ ಲಗಾಮು. ತಲೆಗೆ ಕಟ್ಟಿದರೆ ಅಷ್ಟುದ್ದದ ಕುತ್ತಿಗೆ ಹಗಲೆಲ್ಲ ಎಳೆಯುತ್ತದೆ, ಮುಂದೆ ಬಾಗುತ್ತದೆ. ಇಷ್ಟೆಲ್ಲ ತಿಳಿದೂ ಅವನು ತಲೆಗೇ ಕಟ್ಟುವುದು ಅಂತ ತೀರ್ಮಾನ ಮಾಡಿದ. ಕೊರೆಯುವಾಗ ಸೀಳು ಬಿಟ್ಟರೆ ಅನ್ನುವ ಭಯ ಒಂದು. ಅದಕ್ಕಿಂತ ದೊಡ್ಡ ಭಯ ಗೋಡೆಯ ಹಲಗೆಯ ಮೇಲಿತ್ತು. ಗುಂಡಿ ಬೇಕಾದರೆ ಡಬ್ಬ ತೆಗೆಯಬೇಕು.

ಪಟ್ಟಿ ಹೊಲಿದು ಮುಗಿಸಿ, ತಲೆಗೆ ದಾರ ಸುತ್ತುತ್ತಿದ್ದಾಗ ಮುನಿಗಂಗಮ್ಮ ಬಾಗಿಲಿಗೆ ಬಂದಳು. ಇಪ್ಪತ್ತೆರಡು ವರ್ಷ ಅವನ ಪಕ್ಕದಲ್ಲಿ ಕೂತು ತೊಗಲು ಹಿಡಿದುಕೊಟ್ಟವಳು. ಅವಳ ಕಣ್ಣಿಗೆ ತಪ್ಪು ಬೀಳದೆ ಇರುತ್ತದೆಯೆ?

"ಅಲ್ಲಯ್ಯ, ನಿಂಗೇನು ಬಂತು? ತಲೆಗೆ ಭಾರ ಹೇರ್ತಾರಾ ಯಾರಾದ್ರೂ? ಭುಜದ ಹತ್ರ ಒಂದು ಗುಂಡಿ ಹಾಕಬಾರ್ದಾ? ಮಾವನ ಕಾಲದ್ದು ಆ ಡಬ್ಬದಾಗೆ ಇದ್ವಲ್ಲ, ತೆಗ್ದುಕೊಡ್ಲಾ?"

"ಮುಟ್ಟಬೇಡ ಅದನ್ನ!"

ಅವನ ಗಂಟಲಿನಿಂದ ಅಂಥ ಸದ್ದು ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ. ಹೊರಗೆ ಜಟಕಾದವರು ತಿರುಗಿ ನೋಡಿದರು. ಮುನಿಗಂಗಮ್ಮ ಬೆರಗಾಗಿ ನಿಂತಳು.

"ಗುಂಡಿ ಎಲ್ಲ ಮುಗಿದೋಯ್ತು ಕಣೇ," ಅಂದ ಅವನು, ದನಿ ಇಳಿಸಿ. "ಸುಮ್ನೆ ಯಾಕೆ ಹತ್ತಿ ಇಳೀತೀಯ."

ಅವಳು ಡಬ್ಬದ ಕಡೆ ಒಂದು ಸಲ ನೋಡಿ ಒಳಗೆ ಹೋದಳು.

ಮಾರನೆಯ ದಿನ ಬೆಳಗ್ಗೆ ಗಿಟಾರು ಬಂಗಲೆಗೆ ಹೋಯಿತು, ಹತ್ತು ಗಂಟೆಗೆ ವಾಪಸು ಬಂತು. ಕೋದಂಡರಾಮಪ್ಪನ ಮುಖ ಗಂಟಿಕ್ಕಿತ್ತು.

"ಏನಯ್ಯ ನೀನು ಮಾಡಿರೋ ಕೆಲಸ! ದೊರೆ ಹೆಗಲಿಗೆ ಹಾಕ್ಕೊಂಡ್ರೆ ಪಟ್ಟಿ ಹೋಗಿ ಕಿವಿಗೆ ಉಜ್ತದೆ. ಎಡಗೈ ಆಡ್ಸೋಕೆ ಜಾಗ ಇಲ್ಲ. ಕುತ್ತಿಗೆ ಬಗ್ಗಿಹೋಗ್ತದೆ, ತೆಗೀರಿ ಇದನ್ನ ಅಂತ ಕೂಗಾಡಿದ್ರು. ಈ ಗಡ್ಡೆಗೆ ಗುಂಡಿ ಹಾಕ್ಬೇಕಂತೆ. ಸಂಜೆ ಗಾಡಿಗೆ ಹೊರಡ್ತಾರೆ. ನಾನಿಲ್ಲೇ ಕೂತಿರ್ತೀನಿ, ನನ್ನ ಕಣ್ಮುಂದೇನೇ ಆಗ್ಲಿ."

ಅಂದವನೇ ಜಗಲಿಯ ಕಂಬಕ್ಕೆ ಒರಗಿ ಕೂತುಬಿಟ್ಟ. ಮುನಿಗಂಗಮ್ಮ ಅವನಿಗೆ ಮಜ್ಜಿಗೆ ತಂದುಕೊಟ್ಟು ಅಲ್ಲೇ ನಿಂತಳು. ಅಶ್ವತ್ಥಪ್ಪನಿಗೆ ಓಡಿಹೋಗುವುದಕ್ಕೆ ದಾರಿ ಇರಲಿಲ್ಲ.

ಗಡ್ಡೆಯ ತೀರ ತುದಿ ಬಿಟ್ಟ, ತೀರ ಬುಡವನ್ನೂ ಬಿಟ್ಟ. ಮತ್ತೆ ಮತ್ತೆ ತಟ್ಟಿ, ಸದ್ದು ಎಲ್ಲಿ ದಪ್ಪವಾಗಿದೆಯೋ ಅಲ್ಲಿ ದಬ್ಬಳದ ಮೊನೆಯಿಂದ ಒಂದು ಚುಕ್ಕೆ ಒತ್ತಿದ. ತಂತಿಗಳನ್ನೆಲ್ಲ ಸಡಿಲ ಮಾಡಿದ. ಬೈರಿಗೆಯ ಮೊನೆಗೆ ಮೇಣ ಸವರಿ ಚುಕ್ಕೆಯ ಮೇಲೆ ಇಟ್ಟ. ತೆಗೆದ, ಅಂಗೈ ಒರೆಸಿಕೊಂಡ, ಮತ್ತೆ ಇಟ್ಟ. ಒಂದು ಸುತ್ತು. ಇನ್ನೊಂದು ಸುತ್ತು. ಕೆಂಪನೆಯ ಪುಡಿ ಸುರುಳಿ ಸುರುಳಿಯಾಗಿ ಬಂತು. ಮೂರನೆಯ ಸುತ್ತಿಗೆ ಮರ ಕಿರ್ ಅಂದಾಗ ಅವನು ಕಣ್ಣು ಮುಚ್ಚಿಕೊಂಡುಬಿಟ್ಟ. ಸೀಳಿತು, ಸತ್ತೆ ಅಂದುಕೊಂಡ. ಕಣ್ಣು ಬಿಟ್ಟು ನೋಡಿದರೆ ಏನೂ ಆಗಿರಲಿಲ್ಲ. ತೂತು ಹುರುಳಿಕಾಳಿನಷ್ಟು ದುಂಡಗೆ ಬಿದ್ದಿತ್ತು.

"ಭೇಷ್," ಅಂದ ಕೋದಂಡರಾಮಪ್ಪ. "ಗುಂಡಿ ಹಾಕು, ಮುಗೀತು."

"ಗುಂಡಿ... ಗುಂಡಿ ಇಲ್ಲ ಸ್ವಾಮಿ."

"ಇಲ್ದೆ ಏನು? ಡಬ್ಬದ ತುಂಬ ಇದ್ವು, ನಾನು ಕಂಡಿಲ್ವಾ," ಅಂದಳು ಮುನಿಗಂಗಮ್ಮ. ಅಂದವಳು ಸುಮ್ಮನೆ ನಿಲ್ಲಲಿಲ್ಲ. ಮಣೆ ಎಳೆದು ಹತ್ತಿ ಡಬ್ಬವನ್ನು ಇಳಿಸಿಯೇಬಿಟ್ಟಳು. ಅಲುಗಾಡಿಸಿದಳು. ಗುಂಡಿಗಳು ಗಲಗಲ ಅಂದವು. ಅವಳ ಉಗುರು ಮುಚ್ಚಳದ ಸಂದಿಗೆ ಹೋಯಿತು.

ಅಶ್ವತ್ಥಪ್ಪ ಆ ಉಗುರನ್ನೇ ನೋಡಿದ. ಮಸಿಯ ಮೂಲೆ ಮೊದಲು ಅವಳ ಕಣ್ಣಿಗೇ ಬೀಳುತ್ತದೆ, ಹೊರಗಿನವರ ಮುಂದೆ, ಗುಂಡಿ ಹುಡುಕುವಾಗ. ಇಷ್ಟು ದಿನ ಯಾವುದಕ್ಕೆ ಹೆದರಿ ಬಚ್ಚಿಟ್ಟಿದ್ದನೋ ಅದು ಈಗ ಸಣ್ಣದಾಯಿತು. ಎದ್ದು ಬಂದು ಅವಳ ಕೈ ಹಿಡಿದ.

"ಬಿಡು. ನಾನೇ ತೆಗೀತೀನಿ."

ಮುಚ್ಚಳ ತೆಗೆದು, ಗುಂಡಿಗಳ ಅಡಿಯಿಂದ ಲಕೋಟೆ ಎಳೆದು, ಅವಳ ಕಡೆ ನೋಡದೆ ಕೋದಂಡರಾಮಪ್ಪನ ಮುಂದೆ ಹಿಡಿದ. "ಸ್ವಾಮಿ, ಮೊದ್ಲು ಇದನ್ನ ಓದಿಬಿಡಿ. ನಮ್ಮ ಹುಡುಗಂದು," ಅಂದ. ಅಲ್ಲೇ ನೆಲದ ಮೇಲೆ ಕೂತ.

ಕೋದಂಡರಾಮಪ್ಪ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದ. "ಇದು ಯಾವಾಗ ಬಂತು?"

"ಶಿವರಾತ್ರಿ ಆದ ವಾರ."

"ಈಗ ಆಷಾಢ ಕಣಯ್ಯ!"

ಕೋದಂಡರಾಮಪ್ಪ ಅಂಚು ಹರಿದು ಹಾಳೆ ಬಿಡಿಸಿದ. ಅವನ ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಒಂದು ಪುಟದ ಇಂಗ್ಲಿಷು ಓದುವುದಕ್ಕೆ ಎಷ್ಟು ಹೊತ್ತು ಬೇಕು? ಅಶ್ವತ್ಥಪ್ಪ ಆ ತುಟಿಗಳನ್ನೇ ನೋಡಿದ.

"ಇದಾನೆ," ಅಂದ ಕೋದಂಡರಾಮಪ್ಪ ಕೊನೆಗೆ. "ಜೀವಕ್ಕೇನೂ ಆಗಿಲ್ಲ. ಬಲಗೈಗೆ ಗುಂಡು ಬಿದ್ದು, ಮೊಣಕೈಯಿಂದ ಕೆಳಗೆ ತೆಗ್ದಿದಾರಂತೆ. ಬೆಂಗಳೂರಲ್ಲೇ ಇದಾನೆ, ಮಿಲಿಟರಿ ಆಸ್ಪತ್ರೇಲಿ. ಮನೆಯೋರು ಬಂದು ನೋಡಬಹುದು ಅಂತ ಬರ್ದಿದಾರೆ."

"ಮೂಲೇಲಿ ಮಸಿ ಇತ್ತಲ್ಲ, ಸ್ವಾಮಿ..."

"ಅದು ಮೊಹರಿನ ಮಸಿ ಕಣಯ್ಯ, ಒತ್ತುವಾಗ ಹರಡಿದೆ! ಸರ್ಕಾರದೋರು ಅರಿಶಿನ ಹಚ್ಚಿ ಕಳಿಸ್ತಾರಾ?"

ಮುನಿಗಂಗಮ್ಮ ಅಳಲಿಲ್ಲ, ಬೈಯಲಿಲ್ಲ. ಖಾಲಿ ಹಲಗೆಯನ್ನು ನೋಡಿದಳು. ಕೆಳಗಿದ್ದ ಡಬ್ಬವನ್ನು ನೋಡಿದಳು.

"ಇಲ್ಲೇ ಇತ್ತಾ?" ಅಂದಳು. "ನಾನು ದಿನಾ ಸ್ಟೇಷನ್ನಿಗೆ ಹೋಗಿ ಬರ್ತಿದ್ನಲ್ಲ, ಆವಾಗೆಲ್ಲ ಇಲ್ಲೇ ಇತ್ತಾ?"

ಅವಳು ಒಂದು ಗುಂಡಿ ಆರಿಸಿ ಗಂಡನ ಮುಂದೆ ಇಟ್ಟಳು. "ಹಾಕಿ ಮುಗ್ಸು. ಆಮೇಲೆ ಹೊರಡೋಣ," ಅಂದು ಸೀರೆ ಬದಲಾಯಿಸುವುದಕ್ಕೆ ಒಳಗೆ ಹೋದಳು.

ಅವನು ಗುಂಡಿ ಕೂರಿಸಿ, ತಿರುಪು ಬಿಗಿದು, ಪಟ್ಟಿ ಸಿಗಿಸಿದ. ಕೋದಂಡರಾಮಪ್ಪ ಹೆಗಲಿಗೆ ಹಾಕಿಕೊಂಡು ನಿಂತು ನೋಡಿದ. ಗಿಟಾರು ಅತ್ತ ಇತ್ತ ವಾಲದೆ ಎದೆಗೆ ನೆಟ್ಟಗೆ ನಿಂತಿತು. ಕಸುಬಿನ ಜೀವನದಲ್ಲೇ ಮೊದಲ ಸಲ ಅಶ್ವತ್ಥಪ್ಪ ತಾನು ಹೊಲಿದದ್ದನ್ನು ಎಳೆದು ನೋಡದೆ ಕಳಿಸಿಕೊಟ್ಟ.

ಮಧ್ಯಾಹ್ನದ ಗಾಡಿಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತರು. ದೇವನಗೊಂತಿ ಬಂತು, ವೈಟ್‌ಫೀಲ್ಡ್ ಬಂತು, ಅವಳು ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಮಗ ಬದುಕಿದ್ದಾನೆ ಅನ್ನುವ ಸಂತೋಷವನ್ನು ಪಡುವುದಕ್ಕೂ ಅಶ್ವತ್ಥಪ್ಪನಿಗೆ ಹೆದರಿಕೆ. ಮೂವತ್ತು ಮೈಲಿಯೂ ಇಲ್ಲ! ಇಷ್ಟು ಹತ್ತಿರ ಇಟ್ಟುಕೊಂಡು ನಾಲ್ಕು ತಿಂಗಳು! ಹುಡುಗ ಕೇಳಿದರೆ ಏನು ಹೇಳುವುದು? ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಓಡಿಬಿಡೋಣ ಅನ್ನಿಸಿತು. ದಂಡು ಸ್ಟೇಷನ್ನಿನಲ್ಲಿ ಇಳಿದಾಗ ಅವಳು ಮುಂದೆ ಮುಂದೆ ನಡೆದಳು. ಅವನು ಹಿಂದೆ ಹಿಂದೆ ನಡೆದ.

ಉದ್ದನೆಯ ವಾರ್ಡು, ಎರಡು ಸಾಲು ಮಂಚ. ಕದಿರೇಶ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಾಯಿಯ ದನಿಗೆ ತಿರುಗಿದವನು ಗಡಬಡಿಸಿ ಎದ್ದು, ಬಲಗೈಯ ಮೋಟನ್ನು ದುಪ್ಪಟಿಯ ಒಳಗೆ ಎಳೆದುಕೊಂಡ. ಮುನಿಗಂಗಮ್ಮ ದುಪ್ಪಟಿ ಸರಿಸಿ, ಆ ಮೋಟನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಸ್ಪತ್ರೆಯೋರ ಕೈಲಿ ಒಂದು ಸಲ ಬರೆಸಿ ಕಳಿಸಿದ್ನಮ್ಮ," ಅಂದ ಅವನು. "ಬೆಳಗಿನ ಗಾಡಿ ಕೂಗಿದಾಗ್ಲೆಲ್ಲ ಬಾಗಿಲು ನೋಡ್ತಿದ್ದೆ. ಯಾರೂ ಬರ್ಲಿಲ್ಲ. ಕೈ ಇಲ್ದೋನು ಏನಕ್ಕೆ ಅಂದ್ಕೊಂಡ್ರೇನೋ, ಅಪ್ಪನ ಕೋಪ ಇನ್ನೂ ಇಳಿದಿಲ್ವೇನೋ ಅಂತ... ಮತ್ತೆ ಬರೆಸ್ಲಿಲ್ಲ."

ಅವಳು ಗಂಡನ ಕಡೆ ತಿರುಗಿ ನೋಡಲಿಲ್ಲ. "ಕಾಗದ ಬರ್ಲೇ ಇಲ್ಲ ನಾಯನಾ," ಅಂದಳು. "ಎಲ್ಲೋ ದಾರಿ ತಪ್ಪಿತ್ತಂತೆ. ಇವತ್ತು ಬೆಳಗ್ಗೆ ಬಂತು. ಬಂದ ತಕ್ಷಣ ಹೊರಟ್ವಿ."

ಮಂಚದ ಕಾಲ ಬಳಿ ನಿಂತಿದ್ದ ಅಶ್ವತ್ಥಪ್ಪ ಅದನ್ನು ಕೇಳಿಸಿಕೊಂಡ. ಸುಮ್ಮನಿದ್ದರೆ ಆಗಿತ್ತು. ಜನ್ಮವೆಲ್ಲ ಸುಮ್ಮನಿದ್ದೇ ಬದುಕಿದವನು.

"ಸುಳ್ಳು," ಅಂದ. "ಶಿವರಾತ್ರಿ ಹೊತ್ತಿಗೇ ಬಂದಿತ್ತು ಕಣೋ. ನನ್ನ ಹತ್ರಾನೇ ಇತ್ತು. ನಿಮ್ಮಮ್ಮಂಗೂ ಹೇಳ್ಲಿಲ್ಲ. ಬಚ್ಚಿಟ್ಟಿದ್ದೆ."

ಕದಿರೇಶ ಅಪ್ಪನ ಮುಖವನ್ನೇ ನೋಡಿದ. "ತೆಗೀಲೇ ಇಲ್ವಾ?"

"ಇಲ್ಲ."

"ನಾನು ಸತ್ತೋದೆ ಅಂದ್ಕೊಂಡ್ಯಾ?"

"ಹೂಂ," ಅಂದ ಅಶ್ವತ್ಥಪ್ಪ. "ತೆಗೀದೇ ಇದ್ರೆ, ಅಷ್ಟು ದಿನ ಬದುಕಿರ್ತೀಯ ಅಂದ್ಕೊಂಡೆ."

ಮುನಿಗಂಗಮ್ಮನಿಗೆ ಆಗ ಅಳು ಬಂತು. ಕದಿರೇಶ ಗೋಡೆಯ ಕಡೆ ಸರಿದು, ಮಂಚದ ಮೇಲೆ ಅಪ್ಪನಿಗೆ ಜಾಗ ಮಾಡಿಕೊಟ್ಟ.